ಚಳಿಗಾಲದ ಸೊನ್ನೆಗಳು

ನಾನು ಓದಿದ್ದು ಏಳನೇ ಇಯತ್ತೆ. ಅಷ್ಟು ಓದಿದವನ ಕೈಗೆ ಸರ್ಕಾರ ಆಕಾಶವನ್ನು ಒಪ್ಪಿಸಿತು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆಯುವುದು ನನ್ನ ಕೆಲಸ. ಕಿತ್ತೂರು, ಬೈಲಹೊಂಗಲ, ಸವದತ್ತಿ, ಕೊನೆಗೆ ರಾಮದುರ್ಗ. ಹೀಗೆ ಮಳೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನನ್ನ ವರ್ಗಾವಣೆ ಆಗುತ್ತ ಹೋಯಿತು. ವಯಸ್ಸಾದಂತೆ ಈ ಮನುಷ್ಯನಿಗೆ ಕೆಲಸ ಹಗುರಾಗಲಿ ಎಂದು ಇಲಾಖೆ ಯೋಚಿಸಿ ಮಾಡಿತೆಂದು ಯಾರಾದರೂ ತಿಳಿದರೆ, ಅವರು ನಮ್ಮ ಇಲಾಖೆಯನ್ನು ಕಂಡವರಲ್ಲ.

ನನ್ನ ಜಾಗಕ್ಕೆ ಈಗ ಪದವಿ ಓದಿದ ಹುಡುಗಿಯೊಬ್ಬಳು ಬಂದಿದ್ದಾಳೆ. ಮೊನ್ನೆ ಫೋನ್ ಮಾಡಿ ಕೇಳಿದಳು: "ಕಾಕಾ, ಮಳಿಗಾಲದ ಕೆಲಸ ತಿಳೀತ್ರಿ. ಚಳಿಗಾಲದಾಗ ಏನ ಮಾಡಬೇಕ್ರಿ?"

"ಏನೂ ಇರೂದಿಲ್ಲವ್ವಾ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಆಡಿದ ಮಾತು, ಬಾರದೆ ಇರುತ್ತದೆಯೇ? ನುಂಗಿಕೊಂಡೆ. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಳೆಮಾಪಕ ಎಂದರೆ ದೊಡ್ಡ ಯಂತ್ರವಲ್ಲ. ಕಟ್ಟೆಯ ಮೇಲೆ ಕೂರಿಸಿದ ಒಂದು ಡಬ್ಬಿ, ಅದರ ಬಾಯಿಗೆ ಲಾಳಿಕೆ, ಒಳಗೊಂದು ಬಾಟಲಿ. ಬಾಟಲಿಗೆ ಇಳಿದ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಪಾತ್ರೆಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ನೀರು ಚೆಲ್ಲಿದರೆ ಮುಗಿಯಿತು. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎನಿಸಬಹುದು. ನಾನು ಮೊದಲ ಬೇಸಿಗೆಯಲ್ಲೇ ತಪ್ಪಿದೆ.

ಕಿತ್ತೂರಿನಲ್ಲಿ ಇಲಾಖೆಯ ಬಂಗಲೆಯಲ್ಲಿ ನಾನು ಆಗ ದಿನಗೂಲಿ ಮಾಲಿ. ಅಲ್ಲಿದ್ದ ಸಾಹೇಬರು ಒಂದು ದಿನ ಕರೆದು, "ಗಿಡಕ್ಕ ನೀರ ಹಾಕಾಂವ ನೀನ. ಮ್ಯಾಲಿಂದ ಬಿದ್ದ ನೀರನ್ನೂ ನೀನ ನೋಡ್ಕೊ" ಎಂದು ಮಾಪಕವನ್ನು ಒಪ್ಪಿಸಿದರು. ತರಬೇತಿ ಅಂದರೆ ಅದೇ. ಆ ಬೇಸಿಗೆಯಲ್ಲಿ ಕಿತ್ತೂರಿನಲ್ಲಿ ಆರು ದಿನ ಸತತ ಮಳೆಯಾಯಿತು. ದಿನಾ ಮೂರು, ನಾಲ್ಕು ಮಿಲಿಮೀಟರ್. ಬರೆದೆ. ಸಾಹೇಬರು ಸಹಿ ಮಾಡಿದರು. ಮೇಲಕ್ಕೆ ಹೋಯಿತು. ಕಿತ್ತೂರು ಭಾಗದಲ್ಲಿ ಹದವಾದ ಮಳೆ ಎಂದು ಪತ್ರಿಕೆಯಲ್ಲೂ ಬಂತು. ಏಳನೇ ದಿನ ಒಬ್ಬ ರೈತ ಪತ್ರಿಕೆ ಹಿಡಿದುಕೊಂಡು ಬಂಗಲೆಗೆ ಬಂದ.

"ಸಾಹೇಬ್ರ, ಈ ಮಳಿ ಯಾರ ಹೊಲದಾಗ ಆಗೈತಿ ತೋರ್ಸ್ರಿ. ನನ್ನ ಹೊಲಾನೂ ಅಲ್ಲೇ ಒಯ್ದು ಹಾಸತೇನಿ."

ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ನಾನು ಗುಲಾಬಿ ಗಿಡಗಳಿಗೆ ಪೈಪಿನಿಂದ ನೀರು ಬಿಡುತ್ತಿದ್ದೆ. ದೂರ ಹಾರಲಿ ಎಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ದೆ. ತುಂತುರು ಗುಲಾಬಿಯನ್ನು ದಾಟಿ, ತಂತಿ ಬೇಲಿ ದಾಟಿ, ನೇರವಾಗಿ ಲಾಳಿಕೆಯ ಬಾಯಿಗೆ ಬೀಳುತ್ತಿತ್ತು. ನಾನೇ ಸುರಿಸಿ, ನಾನೇ ಅಳೆದು, ನಾನೇ ಬರೆದಿದ್ದೆ.

ಕೆಲಸ ಹೋಯಿತೆಂದು ಕಾಲು ಹಿಡಿಯಲು ಹೋದೆ. ಸಾಹೇಬರು ಸಿಟ್ಟಾಗಲಿಲ್ಲ. "ಮ್ಯಾಲ ಹೋದ ಮಳಿ ತಿರುಗಿ ಬರೂದಿಲ್ಲೋ. ನಾವು ತಪ್ಪ ಅಂದ್ರ ಆರ ಸಲ ಸಹಿ ಮಾಡಿದಾಂವ ನಾನೂ ತಪ್ಪ. ನಾಳಿಂದ ಪೈಪ ಆ ಕಡೆ ಹಿಡಿ" ಎಂದರು. ಆ ವರ್ಷದ ದಾಖಲೆಯಲ್ಲಿ ನನ್ನ ಗುಲಾಬಿಯ ಮಳೆ ಇಂದಿಗೂ ಇರಬೇಕು.

ಬೈಲಹೊಂಗಲಕ್ಕೆ ಬಂದಾಗ ಕಾಯಂ ಆಗಿದ್ದೆ. ಬಂದ ತಿಂಗಳಿಗೇ ಅಳತೆಪಾತ್ರೆ ಕೈಜಾರಿ ಒಡೆಯಿತು. ಹೊಸದು ಬೇಕೆಂದು ಅರ್ಜಿ ಕೊಟ್ಟೆ. ಒಡೆದದ್ದು ಹೇಗೆ ಎಂದು ಕಾಗದ ಬಂತು. ಉತ್ತರ ಬರೆದೆ. ಒಡೆದ ಚೂರು ಕಳಿಸು ಎಂದು ಇನ್ನೊಂದು ಕಾಗದ ಬಂತು. ಕಳಿಸಿದೆ. ಚೂರು ಪೂರ್ತಿ ಇಲ್ಲ ಎಂದು ಮತ್ತೊಂದು. ಅಷ್ಟರಲ್ಲಿ ಒಂದು ಮಳೆಗಾಲ ಬಂದು ಹೋಯಿತು. ನಾನು ಮಾರುಕಟ್ಟೆ ಎದುರಿನ ಹೋಟೆಲಿನಿಂದ ಒಂದು ಚಹಾ ಗ್ಲಾಸು ತಂದು, ಅದಕ್ಕೆ ಹೆಂಡತಿಯ ಉಗುರುಬಣ್ಣದಿಂದ ಗೆರೆ ಎಳೆದು ಕೆಲಸ ಸಾಗಿಸಿದೆ. ಬೈಲಹೊಂಗಲದ ಹತ್ತಿ, ಶೇಂಗಾ ಬೆಳೆದವರು ಆ ವರ್ಷ ಸರ್ಕಾರದ ಲೆಕ್ಕದಲ್ಲಿ ಕಂಡ ಮಳೆಯೆಲ್ಲ ಅರ್ಧ ಚಹಾ, ಮುಕ್ಕಾಲು ಚಹಾದ ಮಳೆ. ಕೊನೆಗೆ ಹೊಸ ಪಾತ್ರೆ ಬಂತು. ಹುಲ್ಲಿನಲ್ಲಿ ಸುತ್ತಿ ಕಳಿಸಿದ್ದರು. ಬಿಚ್ಚಿದರೆ ಮೂರು ಚೂರು. ಆದರೆ ಚೀಟಿಯ ಮೇಲೆ 'ಸುಸ್ಥಿತಿಯಲ್ಲಿ ತಲುಪಿದೆ' ಎಂದು ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ ಸಹಿ ಮಾಡಿದೆ.

ನನಗೆ ನಿಜವಾದ ವಿದ್ಯೆ ಕಲಿಸಿದವರು ಅಲ್ಲಿಯ ದೊಡ್ಡ ಕಾರಕೂನರು. ಚಳಿಗಾಲದ ಒಂದು ಮುಂಜಾನೆ ನಾನು ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು ಖಾಲಿ ಬಾಟಲಿ ನೋಡಿ ಬಂದು ರಿಜಿಸ್ಟರ್ ತೆರೆದಾಗ, ಅವರು ನನ್ನನ್ನು ಕನಿಕರದಿಂದ ನೋಡಿದರು.

"ಏನ ಬರದ್ಯೊ?"

"ಸೊನ್ನಿರಿ."

"ನಿನ್ನೆ?"

"ಸೊನ್ನಿರಿ."

"ನಾಳೆ ಏನ ಬರೀತಿ?"

"ನಾಳೆ ನೋಡಿ ಬರೀಬೇಕಲ್ರಿ?"

"ಸೊನ್ನಿ ಬರ್ಯಾಕ ದಿನಾ ಎದ್ದ ಓಡಿ ಬರ್ತಾರೇನೋ ಹುಚ್ಚಪ್ಪ? ಕಾರ್ತಿಕ ಮುಗದ ಮರುದಿನ ಚಂದಂಗ ಕುಂತು, ಶಿವರಾತ್ರಿಮಟಾ ಒಮ್ಮೆಲೇ ಬರದ ಒಗದಬಿಡು. ಕುಂಡೀ ಊರಿ ಬರದ ಸೊನ್ನಿ ದುಂಡಗ ಬರತಾವು."

ನಮ್ಮ ಸೀಮೆಯ ಎಲ್ಲ ಮಾಪಕದವರೂ ಹೀಗೆಯೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನೂ ಕಲಿತೆ. ಕಲಿತಿದ್ದಷ್ಟೇ ಅಲ್ಲ, ಸುಧಾರಿಸಿದೆ. ಎಲ್ಲ ಒಂದೇ ಪೆನ್ನಿನಲ್ಲಿ ಬರೆದರೆ ಗುಮಾನಿ ಬರುತ್ತದೆಂದು ನಾಲ್ಕು ದಿನ ನೀಲಿ, ಮೂರು ದಿನ ಕಪ್ಪು ಶಾಯಿ. ಅಲ್ಲಲ್ಲಿ ಒಂದು ಸೊನ್ನೆ ಸ್ವಲ್ಪ ಸೊಟ್ಟ, ಅವಸರದಲ್ಲಿ ಬರೆದಂತೆ. ಒಂದು ಪುಟದ ಮೂಲೆಗೆ ಚಹಾದ ಕಲೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ನನ್ನ ಚಳಿಗಾಲದ ಪುಟಗಳನ್ನು ತಿರುವಿ, "ದಿನಾ ತಪ್ಪದೆ ಬರದಾನ ನೋಡ್ರಿ" ಎಂದು ಬೇರೆಯವರಿಗೆ ತೋರಿಸಿದರು.

ಸವದತ್ತಿ ಕಡೆ ವರ್ಗವಾದಾಗ ಖುಷಿಯಾಯಿತು. ನನಗೆ ಕೊಟ್ಟದ್ದು ಒಂದು ಹಳೆಯ ಮಣ್ಣಿನ ಒಡ್ಡಿನ ಕೆರೆ. ಅದರ ಕೆಳಗೆ ಎರಡು ಹರದಾರಿ ದೂರದಲ್ಲಿ ನನ್ನ ಹುಟ್ಟೂರು. ನಡುವೆ ಹಳ್ಳ. ಆ ಹಳ್ಳದ ದಂಡೆಯಲ್ಲಿ ನನ್ನ ತಮ್ಮ ಈರಪ್ಪನ ಇಟ್ಟಿಗೆ ಭಟ್ಟಿ.

ಇಟ್ಟಿಗೆಯವರಿಗೆ ಚಳಿಗಾಲವೇ ಸುಗ್ಗಿ. ಮಳೆ ಇರುವುದಿಲ್ಲ, ಹಳ್ಳದ ಪಾತ್ರ ಒಣಗಿ ಅಂಗಳದಂತೆ ಇರುತ್ತದೆ, ಹಸಿ ಇಟ್ಟಿಗೆ ಒಣಗಲು ಎಳೆಬಿಸಿಲು. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಯಲು ಸರ್ಕಾರವೇ ಬಿಡುತ್ತಿತ್ತು. ಆ ಹೂಳನ್ನು ಎತ್ತಿನ ಗಾಡಿಯಲ್ಲಿ ತಂದು ಈರಪ್ಪ ಚಳಿಗಾಲಕ್ಕೆ ಇಟ್ಟಿಗೆ ಕೊಯ್ಯುತ್ತಿದ್ದ. ಅಪ್ಪ ಸತ್ತ ಮೇಲೆ ನನ್ನನ್ನು ಏಳನೆಯವರೆಗೆ ಓದಿಸಲು ಸಾಲಿ ಬಿಟ್ಟವನು ಅವನು. ಚಿಕ್ಕವನು ಬಿಟ್ಟು ದೊಡ್ಡವನು ಓದಿದ್ದು ಯಾಕೆ ಎಂದರೆ, ಮಾಸ್ತರರು ನನ್ನ ಅಕ್ಷರ ದುಂಡಗಿದೆ ಎಂದಿದ್ದರು.

ಕೆರೆಯ ಮೇಲೆ ನನಗೆ ಮೂರು ಕೆಲಸ. ಮಳೆ ಅಳೆಯುವುದು, ಕೆರೆಯ ನೀರು ಎಷ್ಟು ಫೂಟು ಏರಿದೆ ಎಂದು ಅಳತೆಗಂಬ ನೋಡುವುದು, ನೀರು ಕೋಡಿಗೆ ಬಂದರೆ ಕೆಳಗಿನ ಊರುಗಳಿಗೆ ಫೋನ್ ಮಾಡುವುದು. ಆಗ ವಿಧಾನ ಬದಲಾಗಿತ್ತು. ಹೊಸ ಸಾಹೇಬರು ಚುರುಕಿನವರು. ರಿಜಿಸ್ಟರನ್ನು ನಂಬುವುದಿಲ್ಲ ಎಂದರು. ದಿನಾ ಎಂಟೂವರೆಗೆ ಅಳತೆಪಾತ್ರೆಯನ್ನು ಮಾಪಕದ ಮುಂದೆ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಇದರಿಂದ ಸುಳ್ಳು ನಿಲ್ಲುತ್ತದೆ ಎಂದು ಅವರ ನಂಬಿಕೆ.

ನಾನು ಒಂದು ವಾರ ತಬ್ಬಿಬ್ಬಾದೆ. ಆಮೇಲೆ ಒಂದು ಬಿಸಿಲಿನ ಬೆಳಿಗ್ಗೆ ಖಾಲಿ ಪಾತ್ರೆಯ ಫೋಟೋಗಳನ್ನು ಒಂದೇ ಸಮನೆ ತೆಗೆದೆ. ಎಡಗೈಲಿ ಹಿಡಿದದ್ದು, ಬಲಗೈಲಿ ಹಿಡಿದದ್ದು, ಸ್ವಲ್ಪ ಓರೆ, ಸ್ವಲ್ಪ ಮೇಲೆ. ನಡುವೆ ಅಂಗಿಯ ತೋಳು ಕಾಣುತ್ತದೆಂದು ಎರಡು ಸಲ ಮನೆಗೆ ಹೋಗಿ ಅಂಗಿ ಬದಲಿಸಿ ಬಂದೆ. ಇಡೀ ಚಳಿಗಾಲದ ದಾಸ್ತಾನು ಒಂದು ತಾಸಿನಲ್ಲಿ ಆಯಿತು. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಒಂದೊಂದು ಕಳಿಸುತ್ತಿದ್ದೆ. ಕೆಳಗೆ 'ಇಂದಿನ ಮಳೆ 0.0'. ಸಾಹೇಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದರು. ಯಾರೋ ಗುಲಾಬಿ ಹೂವು ಹಾಕಿ ಶುಭೋದಯ ಎನ್ನುತ್ತಿದ್ದರು.

ಆ ವರ್ಷ ಎಳ್ಳಮಾವಾಸ್ಯೆಗೆ ಮುನವಳ್ಳಿಯ ಬೀಗರು ಚರಗ ಚೆಲ್ಲಲು, ಎಂದರೆ ಹೊಲದ ಬೆಳೆಗೆ ಎಡೆ ಎರಚಿ ಅಲ್ಲೇ ಉಣ್ಣಲು, ಕರೆದರು. ಹಿಂದಿನ ದಿನವೇ ಹೋದೆ. ರಜೆ ಹಾಕಲಿಲ್ಲ. ಫೋಟೋ ಇರುವಾಗ ರಜೆ ಯಾಕೆ? ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ಟಿ.ವಿ.ಯವರು ಎರಡು ದಿನದಿಂದ ಹೇಳುತ್ತಿದ್ದರು. ಸಮುದ್ರ ಎಲ್ಲಿ, ನಾವೆಲ್ಲಿ ಎಂದುಕೊಂಡೆ. ನಸುಕಿಗೆ ಮಳೆ ಶುರುವಾಯಿತು. ಬೀಗರ ಮನೆಯವರು ಹೊಲಕ್ಕೆ ಹೂಡಬೇಕಿದ್ದ ಗಾಡಿಯನ್ನು ಕೊಟ್ಟಿಗೆಗೆ ಒತ್ತಿ, ಬುತ್ತಿಯ ಗಂಟನ್ನು ಪಡಸಾಲೆಯಲ್ಲಿಯೇ ಬಿಚ್ಚಿದರು. ಮಾಳಿಗೆಯ ದೋಣಿಗಳಿಂದ ನೀರು ಧೋ ಎಂದು ಬೀಳುತ್ತಿತ್ತು. ಕಡಲೆ, ಬಿಳಿಜೋಳದ ಹೊಲಗಳ ಕಡೆಯಿಂದ ಬಂದವರೆಲ್ಲ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, "ಇದೆಂಥಾ ಅಡ್ಡಮಳಿ ಬಂತಪಾ" ಎನ್ನುತ್ತಿದ್ದರು.

ಎಂಟೂವರೆ ಆಯಿತು. ಸಿಡಿಹನಿ ಬೀಳದಂತೆ ಮೊಬೈಲನ್ನು ಧೋತರದ ಮರೆಯಲ್ಲಿ ಹಿಡಿದು, ಬಿಸಿಲು ಫಳಫಳ ಹೊಳೆಯುತ್ತಿದ್ದ ಒಂದು ಫೋಟೋ ಆರಿಸಿದೆ.

"ಏನ ನೋಡಾಕ ಹತ್ತೀರಿ ಬೀಗರ? ಹೋಳಿಗಿ ಆರಾಕ ಹತ್ತಾವು" ಎಂದರು ಬೀಗರು.

"ಡ್ಯೂಟಿ ಮಾಡಾಕ ಹತ್ತೇನ್ರಿ" ಎಂದೆ. ಇಂದಿನ ಮಳೆ 0.0. ಹೆಬ್ಬೆರಳು ಬಂತು.

ಒಂಬತ್ತು ದಾಟಿತ್ತು. ಈರಪ್ಪನ ಫೋನ್ ಬಂತು. ಅವನು ಸುಮ್ಮಸುಮ್ಮನೆ ಫೋನ್ ಮಾಡುವವನಲ್ಲ.

"ಅಣ್ಣಾ, ಎಲ್ಲದೀ?"

"ಕೆರಿ ಮ್ಯಾಲ ಅದೇನಿ."

"ನೀರ ಎಲ್ಲೀಮಟಾ ಐತಿ? ಹಳ್ಳ ಕೆಂಪಗ ಇಳ್ಯಾಕ ಹತ್ತೈತಿ. ಹಸೀ ಇಟ್ಟಂಗಿ ಬಿಟ್ಟು ಎತ್ತ ಹೊಡಕೊಂಡ ಮ್ಯಾಲ ಹೋಗಲೇನು, ತಾಡಪಾಲ ಮುಚ್ಚಿಕೋಂತ ಇಲ್ಲೇ ಇರಲೇನು?"

"ಕೋಡಿಗೆ ಇನ್ನ ನಾಕ ಫೂಟ ಐತೋ. ಅಂಜಬ್ಯಾಡ. ಇಟ್ಟಂಗಿ ಮುಚ್ಚಗೋ."

"ಕಣ್ಣಾರೆ ನೋಡೀದಿಲ್ಲೊ?"

"ನನ್ನ ಮುಂದ ಐತಲ್ಲೋ."

ನನ್ನ ಮುಂದೆ ಇದ್ದದ್ದು ತುಪ್ಪ ಹಾಕಿದ ಹೋಳಿಗೆ. ನಾಲ್ಕು ಫೂಟು ಎಂಬುದೂ ನಾನು ಮುಂಗಡವಾಗಿ ಬರೆದಿಟ್ಟಿದ್ದ ಅಂಕಿಯೇ. ಹಿಂಗಾರಿಯಲ್ಲಿ ತುಂಬಿದ ಕೆರೆ, ಅದರಲ್ಲಿ ಎಷ್ಟು ಜಾಗ ಉಳಿದಿತ್ತೋ ನನಗೆ ಗೊತ್ತಿರಲಿಲ್ಲ. ತಮ್ಮನಿಗೆ ಹಾಗೆ ಹೇಳಿದ ಮೇಲೆ ನನಗೇ ಅದು ನಿಜವೆನಿಸಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ನೀರು ಕೋಡಿಯನ್ನು ಮುಳುಗಿಸಿ, ಅದರ ಪಕ್ಕದ ಒಡ್ಡನ್ನು ಕೊರೆದುಕೊಂಡು ಹೊರಬಿತ್ತು. ಹಳ್ಳದ ದಂಡೆಯಲ್ಲಿ, ಭಟ್ಟಿಯ ಪಕ್ಕ, ಈರಪ್ಪ ತಾಡಪಾಲಿನ ಮೂಲೆಗೆ ಕಲ್ಲು ಹೇರುತ್ತಿದ್ದ. ನೀರು ಬುಡ ಕೊಯ್ದದ್ದೇ ಭಟ್ಟಿಯ ಗೋಡೆ ಅವನ ಬಲಗಾಲಿನ ಮೇಲೆ ಬಿತ್ತು. ಅವನ ಹೆಂಡತಿ ನೀಲವ್ವ ಮತ್ತು ಇಬ್ಬರು ಆಳುಗಳು ಗಾಡಿಯ ಹಗ್ಗ ಕಟ್ಟಿ ಅವನನ್ನು ಎಳೆದು ತೆಗೆದರು. ಒಂದು ಎತ್ತು ಹೋಯಿತು. ಹಳ್ಳದ ಎರಡೂ ಬದಿಯ ಕಡಲೆ, ಗೋಧಿ ಕೊಚ್ಚಿಹೋಯಿತು.

ಊರಿನವರೊಬ್ಬರು ಫೋನ್ ಮಾಡಿ ಸುದ್ದಿ ಹೇಳಿದರು: ಕೆರೆ ಒಡೆದಿದೆ, ಈರಪ್ಪನನ್ನು ಸವದತ್ತಿ ದವಾಖಾನೆಗೆ ಒಯ್ದಿದ್ದಾರೆ. ಸಿಕ್ಕ ಬಸ್ಸು ಹತ್ತಿದೆ. ಬಸ್ಸು ಸವದತ್ತಿಯಲ್ಲಿ ನಿಂತಿತು. ದವಾಖಾನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಕಂಡಕ್ಟರ್ ಎರಡು ಸಲ, "ಸವದತ್ತಿ ಇಳಿಯಾವ್ರು ಇಳೀರಿ" ಎಂದ. ನಾನು ಇಳಿಯಲಿಲ್ಲ. ಮುಂದೆ ಕೆರೆಯ ಕ್ರಾಸಿಗೆ ಹೋಗಿ ಇಳಿದು, ಮಾಪಕದ ಕಡೆಗೆ ಓಡಿದೆ.

ಬಾಟಲಿ ತುಂಬಿತ್ತು. ಬಾಟಲಿ ಉಕ್ಕಿ ಹೊರಗಿನ ಡಬ್ಬಿಯೂ ತುಂಬಿತ್ತು. ಅಷ್ಟು ವರ್ಷದ ಕೆಲಸದಲ್ಲಿ ಮಳೆಗಾಲದಲ್ಲೂ ನಾನು ಹಾಗೆ ಕಂಡಿರಲಿಲ್ಲ. ಎರಡನ್ನೂ ಎತ್ತಿ ಬೇಲಿಯಾಚೆ ಚೆಲ್ಲಿದೆ. ಅಳೆಯಲಿಲ್ಲ. ಅಳೆದಿದ್ದರೆ ನನಗೆ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಸೊನ್ನೆ ಬರೆಯಲು ಕೈ ಬರುತ್ತಿರಲಿಲ್ಲ. ಲಾಳಿಕೆಯನ್ನು ಧೋತರದ ಸೆರಗಿನಿಂದ ಒರೆಸಿ ಒಣಗಿಸಿದೆ. ಮರುದಿನವೂ ಸೊನ್ನೆಯ ಫೋಟೋ ಕಳಿಸಿದೆ. ಅವತ್ತು ಇಷ್ಟು ಎಂದು ಬರೆದರೆ ನಿನ್ನೆ ಯಾಕೆ ಸೊನ್ನೆ ಎಂದು ಕೇಳುತ್ತಾರಲ್ಲ?

ಮೂರನೇ ದಿನ ಸಾಹೇಬರು ತನಿಖೆಗೆ ಬಂದರು. ಸುತ್ತಲಿನ ಇನ್ನೂ ಮೂರು ಮಾಪಕಗಳ ದಾಖಲೆ ತಂದಿದ್ದರು. ಅಲ್ಲಿಯವರೂ ಎಲ್ಲೆಲ್ಲಿ ಹೋಳಿಗೆ ಉಣ್ಣಲು ಹೋಗಿದ್ದರೋ, ನಾಲ್ಕೂ ಕಡೆ ಸೊನ್ನೆ. ಸರ್ಕಾರದ ಪ್ರಕಾರ ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಸಾಹೇಬರು ಇದನ್ನು ಹೇಳುವಾಗ ಮೊಳಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದರು. ಬರೆದುಕೊಳ್ಳುತ್ತಿದ್ದ ಕಾರಕೂನನ ಹಾಳೆ ತೊಯ್ಯದಿರಲಿ ಎಂದು ಜವಾನ ಕೊಡೆ ಹಿಡಿದಿದ್ದ. ಜಿಟಿಜಿಟಿ ಇನ್ನೂ ನಿಂತಿರಲಿಲ್ಲ.

ಊರಿನ ಹಿರಿಯ ನಿಂಗಪ್ಪಜ್ಜ ಕೇಳಿದ: "ಮಳೀನ ಆಗಿಲ್ಲಂದ್ರ ನಾವು ತೊಯಿಸಿಕೊಂಡದ್ದ ಏನರಿ ಸಾಹೇಬ್ರ? ಬೆವರೇನು?"

"ಅದು ದಾಖಲೆದಾಗ ಇಲ್ಲ ಯಜಮಾನ್ರ."

"ನನ್ನ ಮನಿ ಗ್ವಾಡಿ ಬಿದ್ದೈತ್ರಿ."

"ಬಿದ್ದದ್ದ ದಾಖಲೆ ಆಗತೈತಿ. ಯಾಕ ಬಿತ್ತು ಅನ್ನೂದ ಬ್ಯಾರೆ ಇಲಾಖೆ."

ಆಮೇಲೆ ಸಾಹೇಬರು ತರ್ಕ ಮಾಡಿದರು. ಮಳೆ ಇಲ್ಲದೆ ನೀರು ಬಂದಿದೆ ಎಂದರೆ ಒಡ್ಡು ತಾನಾಗಿ ಒಡೆದಿಲ್ಲ. ತಾನಾಗಿ ಒಡೆದಿಲ್ಲ ಎಂದರೆ ಯಾರೋ ಅಲ್ಲಿಯ ಮಣ್ಣು ತೆಗೆದಿದ್ದಾರೆ. ಮಣ್ಣು ಯಾರಿಗೆ ಬೇಕು? ಇಟ್ಟಿಗೆ ಮಾಡುವವರಿಗೆ. ಇಟ್ಟಿಗೆ ಯಾರು ಮಾಡುತ್ತಾರೆ? ಹೀಗೆ ಒಂದೊಂದೇ ಮೆಟ್ಟಿಲು ಇಳಿದು ದವಾಖಾನೆಯಲ್ಲಿ ಮಲಗಿದ್ದ ನನ್ನ ತಮ್ಮನ ಹತ್ತಿರ ಬಂದು ನಿಂತರು. ನಮ್ಮ ಇಲಾಖೆಯಲ್ಲಿ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಲೆಕ್ಕ ಅದು. ಅದರ ಬುಡದಲ್ಲಿ ನನ್ನ ಸೊನ್ನೆ ಇತ್ತು.

ಕೊನೆಗೆ ನನ್ನ ಕಡೆ ತಿರುಗಿದರು. "ಗುರುಸಿದ್ದಪ್ಪ, ನೀನ ಹೇಳು. ಅವತ್ತ ಮಳಿ ಆಗಿತ್ತೇನು?"

ಊರಿನವರೆಲ್ಲ ನನ್ನ ಮುಖ ನೋಡಿದರು. ನನ್ನ ಕಾಲ ಕೆಳಗೆ ಕೆಸರು ಪಿಚಿಗುಡುತ್ತಿತ್ತು.

"ಇಲ್ರಿ ಸಾಹೇಬ್ರ" ಎಂದೆ.

ಜನ ಅವತ್ತು ನಕ್ಕರು. "ಸರ್ಕಾರದವರ ಮ್ಯಾಲ ಕೊಡಿ ಹಿಡದಿದ್ರಲ್ಲ, ಅದಕ್ಕ ಕಂಡಿಲ್ಲ" ಎಂದು ಆಡಿಕೊಂಡರು. ಆದರೆ ನಾಲ್ಕು ತಿಂಗಳ ಮೇಲೆ, ಮಳೆಯೇ ಆಗಿಲ್ಲವಾದ್ದರಿಂದ ಪರಿಹಾರ ಇಲ್ಲ ಎಂದು ಕಾಗದ ಬಂದಾಗ ಯಾರೂ ನಗಲಿಲ್ಲ. ಸಿಟ್ಟನ್ನು ಸರ್ಕಾರದ ಮೇಲೆ ಹಾಕೋಣವೆಂದರೆ ಅದು ದೂರ. ಈರಪ್ಪ ಹತ್ತಿರದಲ್ಲಿದ್ದ. ಅವನ ಹೆಸರು ಕಾಗದದಲ್ಲಿ ಅಚ್ಚಾಗಿತ್ತು ಬೇರೆ. ತಾವೇ ತೊಯ್ದ ಮಳೆಯನ್ನು ಜನ ಮೆಲ್ಲಗೆ ಮರೆತರು. "ಈರಪ್ಪ ಮಣ್ಣ ತಗದಿದ್ನಂತ" ಎಂಬಲ್ಲಿಂದ ಶುರುವಾಗಿ, "ಈರಪ್ಪ ಕೆರಿ ಒಡದಾ" ಎಂಬಲ್ಲಿಗೆ ಬಂತು. ಪೊಲೀಸ್ ಕೇಸಾಯಿತು. ಅವನು ಊರುಗೋಲು ಹಿಡಿದು ನಾಲ್ಕು ವರ್ಷ ಕೋರ್ಟಿಗೆ ಅಲೆದ. ಸಾಕ್ಷಿ ಇಲ್ಲವೆಂದು ಕೇಸು ಬಿದ್ದುಹೋಯಿತು. ಹೆಸರು ಬೀಳಲಿಲ್ಲ.

ಅಷ್ಟರಲ್ಲಿ ನನ್ನನ್ನು ರಾಮದುರ್ಗಕ್ಕೆ ಹಾಕಿದ್ದರು. ಅಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರ ಬಂದಿತ್ತು. ಮನುಷ್ಯನ ಸುಳ್ಳು ಇನ್ನು ನಡೆಯುವುದಿಲ್ಲ ಎಂದು ಉದ್ಘಾಟನೆಗೆ ಬಂದವರು ಭಾಷಣ ಮಾಡಿದರು. ನಾನು ಹಳೆಯ ಮಾಪಕವನ್ನೂ ಇಟ್ಟುಕೊಂಡು ದಿನಾ ಎಂಟೂವರೆಗೆ ನೋಡುತ್ತಿದ್ದೆ. ಬುದ್ಧಿ ಬಂದಿತ್ತು, ತಡವಾಗಿ. ಒಂದು ಚಳಿಗಾಲದಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ನನ್ನ ಪಾತ್ರೆ ಮೂರು ಸಲ ತುಂಬಿತು. ಯಂತ್ರ ಸೊನ್ನೆ ಕಳಿಸುತ್ತಿತ್ತು. ಏರಿ ನೋಡಿದರೆ ಅದರ ಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಬಂದು ವರ್ಷ ತುಂಬುವುದರೊಳಗೆ ಯಂತ್ರವೂ ನಮ್ಮ ಪದ್ಧತಿ ಕಲಿತಿತ್ತು.

ಅಲ್ಲಿಯ ಸಾಹೇಬರಿಗೆ ಹೇಳಿದೆ. "ಯಂತ್ರ ಸುಳ್ಳ ಹೇಳತೈತೇನೋ? ನಿನ್ನ ಅಂಕಿ ಯಂತ್ರಕ್ಕ ಹೊಂದಿಸು" ಎಂದರು. ನಾನು ಹೊಂದಿಸಲಿಲ್ಲ. ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿದ್ದ ಕಬ್ಬು ಕಡಿಯುವವರ ಹತ್ತಿರ ನಾನೇ ಹೋಗಿ, ಮೇಲೆ ಹೋಗಿ ಎಂದು ಎಬ್ಬಿಸಿದೆ. ಅವರು ಗಂಟುಮೂಟೆ ಕಟ್ಟಿಕೊಂಡು ಶಾಲೆಯ ಜಗಲಿಗೆ ಹೋದರು. ಹೊಳೆ ಬರಲೇ ಇಲ್ಲ. ಸುಳ್ಳುಸುದ್ದಿ ಹಬ್ಬಿಸಿದ್ದಕ್ಕೆ ನನಗೆ ನೋಟಿಸು ಬಂತು. ಅಷ್ಟು ವರ್ಷಗಳಲ್ಲಿ ನನಗೆ ಬಂದ ನೋಟಿಸು ಅದೊಂದೇ. ನನ್ನ ಕೆಲಸದ ಕಾಗದಗಳಲ್ಲಿ ನಾನು ಇಟ್ಟುಕೊಂಡಿರುವುದೂ ಅದೊಂದನ್ನೇ.

ನಿವೃತ್ತಿಯ ದಿನ ಶಾಲು ಹೊದಿಸಿದರು. "ಗುರುಸಿದ್ದಪ್ಪನವರ ದಾಖಲೆಯಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ" ಎಂದು ಹೊಗಳಿದರು. ನಿಜವೇ. ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ.

ಶಾಲು ಮಡಿಚಿಟ್ಟ ಮರುವಾರ ಕಚೇರಿಗೆ ಹೋಗಿ, ಆ ಎಳ್ಳಮಾವಾಸ್ಯೆಯ ದಾಖಲೆ ತಿದ್ದಿಸಬೇಕು ಎಂದೆ. ಮೇಜಿನ ಹಿಂದೆ ನನ್ನ ಮಗಳ ವಯಸ್ಸಿನ ಮೇಡಂ ಇದ್ದರು. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿದರು. ಅಷ್ಟು ವರ್ಷದಲ್ಲಿ ನನ್ನ ಮಾತು ಪೂರ್ತಿ ಕೇಳಿದ ಮೊದಲ ಅಧಿಕಾರಿ.

"ನೀವು ಈಗ ನೌಕರಿಯಲ್ಲಿ ಇಲ್ಲ. ಮಳೆ ಆಗಿತ್ತು ಅಂತ ವರದಿ ಮಾಡೋ ಅಧಿಕಾರ ನಿಮಗಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಆದರೂ ಪ್ರಯತ್ನ ಮಾಡ್ತೀನಿ. ಎಷ್ಟು ಆಗಿತ್ತು ಹೇಳಿ" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

"ಬಾಳ ಆಗಿತ್ರಿ."

"ಬಹಳ ಅಂತ ಇದು ತಗೊಳ್ಳೋದಿಲ್ಲ. ಅಂಕಿ ಬೇಕು."

ಅಂಕಿಯನ್ನು ನಾನು ಬೇಲಿಯಾಚೆ ಚೆಲ್ಲಿದ್ದೆ. ಅಂದಾಜಿನಲ್ಲಿ ಏನಾದರೂ ಹೇಳಬಹುದಿತ್ತು, ಅದಕ್ಕೆ ನನಗಿಂತ ಅನುಭವಸ್ಥರು ಯಾರು? ಬಾಯಿ ಬರಲಿಲ್ಲ. ಸೊನ್ನೆ ಹಾಗೆಯೇ ಉಳಿಯಿತು.

ಅಲ್ಲಿಂದ ನೇರವಾಗಿ ಊರಿಗೆ ಹೋದೆ. ಈರಪ್ಪ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಭಟ್ಟಿ ಮತ್ತೆ ಹಾಕಿರಲಿಲ್ಲ. ನೀಲವ್ವ ಒಳಗಿನಿಂದ, "ಭಾವನಾರ ಬಂದ್ರು. ಮಳಿಗಿಳಿ ಏನರ ತಂದಾರೇನ ಕೇಳ್ರಿ" ಎಂದಳು. ಅವಳು ನನ್ನೊಡನೆ ಹಾಗೆಯೇ ಮಾತಾಡುತ್ತಾಳೆ. ನಾನು ಎಲ್ಲ ಹೇಳಿದೆ. ಮುನವಳ್ಳಿ, ಫೋಟೋ, ಹೋಳಿಗೆ, ಸವದತ್ತಿಯಲ್ಲಿ ಇಳಿಯದೆ ಹೋದದ್ದು. ಹೇಳುವಾಗ ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಮುನವಳ್ಳ್ಯಾಗ ಇದ್ದದ್ದ ಗೊತ್ತಿರಲಿಲ್ಲ" ಎಂದ.

"ನೀ ಅವತ್ತ ನನಗ ಫೋನ್ ಮಾಡಿದ್ದನ್ನ ಪೊಲೀಸರ ಮುಂದ ಯಾಕ ಹೇಳಲಿಲ್ಲ? ಕೋರ್ಟಿನ್ಯಾಗೂ ಹೇಳಲಿಲ್ಲ."

"ಹೇಳಿದ್ರ ನಿನ್ನ ನೌಕರಿ ಹೋಗತಿತ್ತಲ್ಲ. ಒಬ್ಬರದರ ಉಳೀಲಿ ಅಂದೆ."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಸೊಟ್ಟಗೆ ಕೂಡಿಕೊಂಡಿದ್ದ ಬಲಗಾಲನ್ನು ಅವನು ಹಿಂದಕ್ಕೆ ಎಳೆದುಕೊಂಡ.

"ಬಿಡಣ್ಣಾ. ನನ್ನ ಮುಂದ ಯಾಕ ಹೇಳ್ತಿ? ಮಳಿ ಆಗಿತ್ತಂತ ನನಗ ಗೊತ್ತಿಲ್ಲೇನು? ಅದರಾಗ ನಿಂತಾಂವ ನಾನು. ಹೇಳೂದಿದ್ರ ಗೊತ್ತಿಲ್ಲದವರ ಮುಂದ ಹೇಳು."

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋದೆವು. ಊರಿನ ಅರ್ಧ ಗಂಡಸರು ಆ ಹೊತ್ತಿಗೆ ಅಲ್ಲಿಯೇ ಇರುತ್ತಾರೆ. ನಿಂಗಪ್ಪಜ್ಜನೂ ಬೆಂಚಿನ ಮೇಲಿದ್ದ. ನಾನು ನಿಂತೇ ಹೇಳಿದೆ. ಭಾಷಣದ ರೂಢಿ ಇಲ್ಲ, ತೊದಲಿದೆ. ಕೆರೆಯ ಮೇಲೆ ಇರಲಿಲ್ಲ ಎಂದೆ. ತಮ್ಮ ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಸಾಹೇಬರ ಮುಂದೆ, ನಿಮ್ಮೆಲ್ಲರ ಮುಂದೆ ಮಳೆ ಆಗಿಲ್ಲ ಎಂದವನು ನಾನು, ಈರಪ್ಪ ಒಂದು ಬುಟ್ಟಿ ಮಣ್ಣನ್ನೂ ಒಡ್ಡಿನಿಂದ ತೆಗೆದಿಲ್ಲ ಎಂದೆ. ಚಹಾ ಸೋಸುವವನು ಜಾಳಿಗೆ ಹಿಡಿದು ಹಾಗೆಯೇ ನಿಂತಿದ್ದ.

"ಅಂದ್ರ ಅವತ್ತ ಮಳಿ ಆಗಿತ್ತೇನಪಾ?" ಎಂದ ನಿಂಗಪ್ಪಜ್ಜ. ಗೋಡೆ ಬಿದ್ದಿದ್ದು ಅವನದೇ.

"ಆಗಿತ್ತಜ್ಜಾ."

"ಆಗಿತ್ತು, ಹೌದು. ನಾ ತೊಯಿಸಿಕೊಂಡಿದ್ನೆಲ್ಲ" ಎಂದು ತನ್ನಷ್ಟಕ್ಕೇ ಎಂಬಂತೆ ಹೇಳಿ ತಲೆ ತಗ್ಗಿಸಿದ. ಒಬ್ಬರು ನನಗೆ ಬೈದರು. ಇನ್ನೊಬ್ಬರು, "ಪಗಾರ ತಿಂದ ತಮ್ಮನ ಕಾಲ ಮುರದ್ಯೆಲ್ಲೋ" ಎಂದರು. ಬೈಯಬೇಕಾದ್ದೇ.

ಆಗ ನಿಂಗಪ್ಪಜ್ಜ ಪಕ್ಕದವನ ತೊಡೆಗೆ ಬಡಿದು, "ಸರೀರಲೇ, ಈರಪ್ಪ ಕುಂದರ್ಲಿ" ಎಂದ. ಬೆಂಚಿನ ಮೇಲಿದ್ದವರೆಲ್ಲ ಅವಸರದಿಂದ ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಅಷ್ಟು ವರ್ಷ ನನ್ನ ತಮ್ಮ ಊರುಗೋಲಿನ ಮೇಲೆ ಭಾರ ಹಾಕಿ ಹೊರಗೇ ನಿಂತು ಚಹಾ ಕುಡಿಯುತ್ತಿದ್ದನೆಂದು ನನಗೆ ತಿಳಿದದ್ದು ಆಗಲೇ.

"ಬಾರೋ ಈರಪ್ಪ, ಕುಂದರು."

ಈರಪ್ಪ ಆ ಜಾಗವನ್ನು ನೋಡಿದ. ಆಮೇಲೆ ತನ್ನ ಗ್ಲಾಸು ತೆಗೆದುಕೊಂಡ.

"ಇರ್ಲಿ ಬಿಡ್ರಿ ಅಜ್ಜಾರ. ನಿಂತ ಕುಡ್ಯಾಕ ರೂಢಿ ಆಗೈತಿ" ಎಂದ.

ಅವನು ನಿಂತೇ ಕುಡಿದ. ನಾನೂ ನಿಂತಿದ್ದೆ. ಬೆಂಚಿನ ಮೇಲಿನವರು ಸರಿದ ಜಾಗದಿಂದ ಮತ್ತೆ ಹಿಂದಕ್ಕೆ ಬರಲಿಲ್ಲ. ನಾವು ಹೊರಡುವ ತನಕ ಅದು ಖಾಲಿಯೇ ಇತ್ತು.